ಮಾತು ಕೊಟ್ಟು ಹೊರಬಂದವರ ಲೆಕ್ಕ

ಮಿರಗದ ಮಳೆ ಬಿದ್ದು ಬಿತ್ತಿಗೆ ಶುರುವಾದಾಗ, ಆಮೇಲೆ ಪುಷ್ಯದಲ್ಲಿ ತೊಗರಿ ರಾಶಿ ಆಗುವಾಗ, ಮಂಜೀರಾ ದಂಡೆಯ ನಮ್ಮ ಊರುಗಳಿಗೆ ಹೊರಗಿನಿಂದ ಬರುವ ಮಂದಿ ಮೂರು ತರ. ಹೈದರಾಬಾದಿಗೆ ಕೂಲಿಗೆ ಹೋದವರು ಒಂದು ತರ. ಬೀದರ್, ಕಲಬುರಗಿಗೆ ಓದಲು ಹೋದ ಹುಡುಗರು ಇನ್ನೊಂದು ತರ. ಮೂರನೆಯವನು ಅಪರೂಪಕ್ಕೆ ಬರುತ್ತಾನೆ. ಅವನು ಬಂದಿದ್ದಾನೆಂದು ಯಾರೂ ಜೋರಾಗಿ ಹೇಳುವುದಿಲ್ಲ. ಆದರೆ ಅವನಿಗೆ ಇನ್ನೂ ಎಷ್ಟು ದಿನ ಉಳಿದಿದೆ ಎಂಬುದು ಚಹಾದಂಗಡಿಯ ಹುಡುಗನಿಗೂ ಗೊತ್ತಿರುತ್ತದೆ. ಅವನು ಪೆರೋಲ್ ಮೇಲೆ ಬಂದ ಸಜಾ ಕೈದಿ. ನಮ್ಮ ಹಿರಿಯರು ಇದಕ್ಕೆ 'ಜೈಲು ಸೂಟಿ' ಅಂತಾರೆ. ಪಕ್ಕದ ಓಣಿಯ ತೆಲುಗಿನವರು 'ಸೆಲವು ಮೀದ ವಚ್ಚಿಂಡು' ಅಂತಾರೆ.

ಊರು ಅವನ ದಿನ ಎಣಿಸುತ್ತದೆ. ಸರಕಾರವೂ ಎಣಿಸುತ್ತದೆ. ಆದರೆ ಸರಕಾರ ಏನನ್ನು ಎಣಿಸುತ್ತದೆ, ಏನನ್ನು ಬಿಡುತ್ತದೆ ಅನ್ನುವುದನ್ನು ನಾವು ವಿಚಾರ ಮಾಡಿದ್ದು ಕಡಿಮೆ. ಎಸ್ಸೆಸ್ಸೆಲ್ಸಿ ತನಕ ಓದಿದ ನನಗೆ ಕಾನೂನಿನ ಪದವಿ ಇಲ್ಲ. ಕನ್ನಡ, ತೆಲುಗು ಎರಡರಲ್ಲೂ ನಾಲ್ಕು ಪದ್ಯ ಬರೆಯುತ್ತಾನೆ, ಅಂದಮೇಲೆ ಅರ್ಜಿಯನ್ನೂ ಬರೆಯಬಲ್ಲ ಎಂದು ಜನ ಮನೆ ಬಾಗಿಲಿಗೆ ಬರುತ್ತಾರೆ. ಬೆಳೆ ಪರಿಹಾರದ ಅರ್ಜಿ, ಪಿಂಚಣಿ ಅರ್ಜಿ, ಒಮ್ಮೊಮ್ಮೆ ಪೆರೋಲ್ ಅರ್ಜಿ. ಹಾಗೆ ಬರೆಯುತ್ತ, ಓದುತ್ತ, ವಕೀಲರನ್ನು ಕೇಳುತ್ತ ತಿಳಿದುಕೊಂಡದ್ದನ್ನು ಗಡಿಭಾಗದ ಓದುಗರ ಮುಂದೆ ಇಡುತ್ತಿದ್ದೇನೆ.

ಶಬ್ದದ ಮೂಲ

ಪೆರೋಲ್ ಎಂಬುದು ಫ್ರೆಂಚ್ ಭಾಷೆಯ ಶಬ್ದ. ಅದರ ಅರ್ಥ 'ಮಾತು'. ಯುದ್ಧದಲ್ಲಿ ಸೆರೆಸಿಕ್ಕ ಸಿಪಾಯಿ 'ಮತ್ತೆ ಆಯುಧ ಹಿಡಿಯುವುದಿಲ್ಲ' ಎಂದು ಮಾತು ಕೊಟ್ಟರೆ ಅವನನ್ನು ಬಿಡುವ ಪದ್ಧತಿ ಹಿಂದೆ ಯುರೋಪಿನಲ್ಲಿತ್ತು. ಕನ್ನಡದ 'ಮಾತು' ತೆಲುಗಿನಲ್ಲಿ 'ಮಾಟ' ಆಗುತ್ತದೆ. ಕನ್ನಡದಲ್ಲಿ ಮಾಟ ಅಂದರೆ ಬೇರೆಯೇ ವಿದ್ಯೆ! ಎರಡು ಭಾಷೆಯ ನಡುವೆ ಬದುಕುವ ನಮ್ಮಲ್ಲಿ ಈ ಶಬ್ದದ ಮೇಲೆ ನಗೆಚಾಟಿಕೆ ನಡೆದೇ ಇರುತ್ತದೆ. ಆದರೆ ತಿರುಳು ಇಷ್ಟೇ: ಕೈದಿ ಮಾತು ಕೊಟ್ಟು ಹೋಗುತ್ತಾನೆ, ಹೇಳಿದ ದಿನ ವಾಪಸು ಬರಬೇಕು.

1840ರಲ್ಲಿ ಆಸ್ಟ್ರೇಲಿಯದ ಆಚೆ ನಾರ್ಫೋಕ್ ದ್ವೀಪದ ಕೈದಿಗಳ ನೆಲೆಗೆ ಅಧಿಕಾರಿಯಾಗಿ ಬಂದ ಅಲೆಕ್ಸಾಂಡರ್ ಮೆಕಾನೊಕಿ, ಒಳ್ಳೆಯ ನಡತೆಗೆ ಅಂಕ ಕೊಟ್ಟು, ಅಂಕ ಕೂಡಿದಂತೆ ಸ್ವಾತಂತ್ರ್ಯ ಹೆಚ್ಚಿಸುವ ಪದ್ಧತಿ ತಂದ. ಆಮೇಲೆ ಐರ್ಲೆಂಡಿನಲ್ಲಿ ವಾಲ್ಟರ್ ಕ್ರಾಫ್ಟನ್ ಅದನ್ನು ಬೆಳೆಸಿದ. 1876ರಲ್ಲಿ ಅಮೆರಿಕದ ಎಲ್ಮೈರಾ ಎಂಬಲ್ಲಿ ಸುಧಾರಣಾ ಜೈಲು ತೆರೆದು, ಅಲ್ಲಿಂದ ಅಮೆರಿಕದ ಪೆರೋಲ್ ಬೆಳೆಯಿತು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಪದ್ಧತಿ ಹುಟ್ಟಿದ್ದೇ ಅಂಕದ ಲೆಕ್ಕದಿಂದ. ಲೆಕ್ಕದ ಪುಸ್ತಕ ಇಲ್ಲದೆ ಪೆರೋಲ್ ಇಲ್ಲ.

ಅಮೆರಿಕದ ಪೆರೋಲಿಗೂ ನಮ್ಮದಕ್ಕೂ ಅಂತರವಿದೆ. ಅಲ್ಲಿ ಶಿಕ್ಷೆಯ ಒಂದು ಭಾಗ ಒಳಗೆ ಕಳೆದವನು ಉಳಿದ ಭಾಗವನ್ನು ಅಧಿಕಾರಿಯ ಕಣ್ಣಳತೆಯಲ್ಲಿ ಹೊರಗೆ ಕಳೆಯುತ್ತಾನೆ. ನಮ್ಮಲ್ಲಿ ಪೆರೋಲ್ ಅಂದರೆ ಕೆಲವು ದಿನದ ಬಿಡುಗಡೆ, ಮತ್ತೆ ಒಳಗೆ.

ನಾಲ್ಕು ಶಬ್ದ, ನಾಲ್ಕು ಅರ್ಥ

ಸಂತೆಯಲ್ಲಿ ಜಾಮೀನು, ಪೆರೋಲ್, ಫರ್ಲೋ, ಮಾಫಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಮಾತಾಡುತ್ತಾರೆ. ಬೇರೆ ಬೇರೆ ಮಾಡಿ ನೋಡಬೇಕು.

ಜಾಮೀನು ಕೋರ್ಟು ಕೊಡುವುದು. ಹೆಚ್ಚಾಗಿ ತೀರ್ಪು ಆಗುವ ಮೊದಲು, ಇಲ್ಲವೆ ಅಪೀಲು ನಡೆದಿರುವಾಗ. ಪೆರೋಲ್ ಶಿಕ್ಷೆ ಆದವನಿಗೆ, ಒಂದು ನಿರ್ದಿಷ್ಟ ಕಾರಣಕ್ಕೆ ಸಿಗುವುದು: ಮನೆಯಲ್ಲಿ ಸಾವು, ಕಾಯಿಲೆ, ಮದುವೆ, ಹೊಲದ ಕೆಲಸ. ಫರ್ಲೋಗೆ ಇಂಥದೇ ಕಾರಣ ಬೇಕಿಲ್ಲ. ಬಹಳ ವರ್ಷ ಒಳಗಿದ್ದವನಿಗೆ ಮನೆ ಮಂದಿಯ ಸಂಬಂಧ ಕಡಿಯಬಾರದೆಂದು, ನಡತೆ ನೋಡಿ ಕೊಡುವ ರಜೆ ಅದು. ಮಾಫಿ ಎಂದರೆ ಒಟ್ಟು ಶಿಕ್ಷೆಯ ದಿನಗಳಲ್ಲಿ ಕಡಿತ. 2017ರ ಸೆಪ್ಟೆಂಬರಿನಲ್ಲಿ ಅಶ್ಫಾಕ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪೆರೋಲ್ ಮತ್ತು ಫರ್ಲೋ ಅಂತರವನ್ನು ಬಿಡಿಸಿ ಹೇಳಿತು. ನಡತೆ ಚೆನ್ನಾಗಿರುವ ಕೈದಿಗೂ ಆಗಾಗ ಹೊರಗಿನ ಗಾಳಿ ಬೇಕು, ಆದರೆ ಸಮಾಜದ ಹಿತವನ್ನೂ ತೂಗಬೇಕು ಎಂಬುದು ಆ ತೀರ್ಪಿನ ಸಾರ.

ಜೈಲು ರಾಜ್ಯಗಳ ವಿಷಯ. ಹಾಗಾಗಿ ನಿಯಮ ರಾಜ್ಯಕ್ಕೊಂದು. ಕರ್ನಾಟಕದಲ್ಲಿ 1963ರ ಕಾರಾಗೃಹ ಕಾಯ್ದೆ, 1974ರ ನಿಯಮಗಳು, ಆಮೇಲೆ 2021ರ ಹೊಸ ಕೈಪಿಡಿ. ನಮ್ಮ ಕಡೆ ಕೂಡು ಆಂಧ್ರದ ಕಾಲದ 1981ರ ನಿಯಮಗಳು. ಅದರ ಹೆಸರೇ 'ಪೆರೋಲ್ ಮೇಲೆ ಶಿಕ್ಷೆಯ ಅಮಾನತು' ಎಂದು. ಮಂಜೀರಾ ದಾಟಿದರೆ ಮಾತು ಬದಲಾಗುವುದಿಲ್ಲ, ನೆಂಟಸ್ತನ ಬದಲಾಗುವುದಿಲ್ಲ. ಜೈಲಿನ ನಿಯಮ ಮಾತ್ರ ಬದಲಾಗುತ್ತದೆ.

ಹೊಲಕ್ಕಾಗಿ ತೊಂಬತ್ತು ದಿನ

ರೈತರು ತಿಳಿಯಬೇಕಾದ ಒಂದು ಆದೇಶ 2024ರ ನವೆಂಬರಿನಲ್ಲಿ ಬಂತು. ರಾಮನಗರ ಜಿಲ್ಲೆಯ ಕಡೆಯ, ಕೊಲೆ ಪ್ರಕರಣದಲ್ಲಿ ಶಿಕ್ಷೆಯಾದ ಕೈದಿಯೊಬ್ಬ ತನ್ನ ಹೊಲ ನೋಡಿಕೊಳ್ಳಲು ಮನೆಯಲ್ಲಿ ಗಂಡು ದಿಕ್ಕಿಲ್ಲ ಎಂದು ಅರ್ಜಿ ಹಾಕಿದ್ದ. ಜೈಲು ಅಧಿಕಾರಿಗಳು ಒಪ್ಪಲಿಲ್ಲ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಹೇಮಂತ ಚಂದನಗೌಡರ್ ಅವರು ಬೇಸಾಯದ ಕೆಲಸಕ್ಕೆಂದೇ 90 ದಿನದ ಪೆರೋಲ್ ಕೊಟ್ಟರು. ಹನ್ನೊಂದು ವರ್ಷ ಒಳಗಿದ್ದರೂ ಅವನಿಗೆ ಒಮ್ಮೆಯೂ ಪೆರೋಲ್ ಸಿಕ್ಕಿರಲಿಲ್ಲ ಎಂಬುದನ್ನು ಕೋರ್ಟು ಗಣನೆಗೆ ತೆಗೆದುಕೊಂಡಿತು.

ಹೊಲಕ್ಕಾಗಿ ರಜೆ ಹೊಸದೇನಲ್ಲ. ಪಂಜಾಬಿನ 1962ರ ಕಾಯ್ದೆಯಲ್ಲಿ ಉಳುಮೆ, ಬಿತ್ತನೆ, ಕಟಾವಿಗೆ ಕೈದಿಯನ್ನು ತಾತ್ಕಾಲಿಕವಾಗಿ ಬಿಡಬಹುದೆಂದು ಸ್ಪಷ್ಟವಾಗಿ ಬರೆದಿದೆ. ಒಂದು ಷರತ್ತಿದೆ: ಹೊಲ ಅವನದೇ ಆಗಿರಬೇಕು, ಇಲ್ಲವೆ ತಂದೆಯ ಪಾಲಾಗದ ಹೊಲ ಆಗಿರಬೇಕು. ಈ ಷರತ್ತಿಗೆ ಎಷ್ಟು ತೂಕ ಅನ್ನುವುದು 2019ರಲ್ಲಿ ಹರಿಯಾಣದಲ್ಲಿ ಕಂಡಿತು. ಡೇರಾ ಸಚ್ಚಾ ಸೌದಾದ ಗುರ್ಮೀತ್ ರಾಮ್ ರಹೀಮ್ ಸಿರ್ಸಾದ ಹೊಲ ನೋಡಿಕೊಳ್ಳಬೇಕೆಂದು ಪೆರೋಲ್ ಕೇಳಿದ್ದರು. ತಹಸೀಲ್ದಾರರ ವರದಿಯಲ್ಲಿ ಅವರು ಆ ಜಮೀನಿನ ಮಾಲೀಕರೂ ಅಲ್ಲ, ಸಾಗುವಳಿದಾರರೂ ಅಲ್ಲ ಎಂದು ಬಂತು. ಅರ್ಜಿ ಹಿಂದಕ್ಕೆ ಹೋಯಿತು. ದೊಡ್ಡ ಹೆಸರನ್ನು ಒಂದು ಪಹಣಿ ನಿಲ್ಲಿಸಿತು. ಅದೇ ವ್ಯಕ್ತಿ ಮುಂದಿನ ವರ್ಷಗಳಲ್ಲಿ ಹಲವು ಬಾರಿ ಪೆರೋಲ್, ಫರ್ಲೋ ಮೇಲೆ ಹೊರಬಂದರು, ದೇಶವೆಲ್ಲ ಅದರ ಚರ್ಚೆ ನಡೆಯಿತು. ಒಬ್ಬರಿಗೆ ಅಷ್ಟು ಸಲ, ಇನ್ನೊಬ್ಬನಿಗೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಇಲ್ಲ ಅಂದಾಗ ಜನ ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ಭಾಷಣ ಅಲ್ಲ, ಲೆಕ್ಕ.

ಎರಡು ಮನೆಯ ನಡುವೆ ಒಂದು ವರದಿ

ಅರ್ಜಿ ಹೋಗುವ ದಾರಿ ಹೀಗೆ. ಕೈದಿ ಅಥವಾ ಮನೆಯವರು ಜೈಲಿಗೆ ಅರ್ಜಿ ಕೊಡುತ್ತಾರೆ. ಜೈಲಿನಿಂದ ಅವನ ಸ್ವಂತ ಊರಿನ ಪೊಲೀಸರಿಗೆ ಕಾಗದ ಹೋಗುತ್ತದೆ. ಹೊಲದ ಕಾರಣವಾದರೆ ಕಂದಾಯದವರಿಗೂ. ಊರಿಗೆ ಒಬ್ಬ ಪೇದೆ ಬರುತ್ತಾನೆ. 'ಏಂ ಪಟೇಲಾ, ವಾಡೊಸ್ತೆ ಲೊಲ್ಲಿ ಏಮನ್ನ ಅವುತದಾ?' ಅವನು ಬಂದರೆ ಗಲಾಟೆ ಏನಾದರೂ ಆಗುತ್ತದೆಯೇ ಎಂದು ಕೇಳುತ್ತಾನೆ. ಕಟ್ಟೆಯ ಮೇಲೆ ಕೂತವರು ಏನು ಹೇಳುತ್ತಾರೋ ಅದರ ಮೇಲೆ ನಾಲ್ಕು ಸಾಲಿನ ವರದಿ. 'ಶಾಂತಿಭಂಗ ಆಗುವ ಸಂಭವ ಇದೆ' ಎಂಬ ಒಂದು ಸಾಲು ಬಿದ್ದರೆ ಅರ್ಜಿ ಮುಗಿದಂತೆಯೇ. ಬರೆದವರಿಗೆ ಅದರಿಂದ ನಷ್ಟವಿಲ್ಲ. ಬಿಟ್ಟು ಏನಾದರೂ ಆದರೆ ಕೇಳುತ್ತಾರೆ, ಬಿಡದಿದ್ದರೆ ಯಾರೂ ಕೇಳುವುದಿಲ್ಲ.

ನಮ್ಮ ಸೀಮೆಯ ಒಬ್ಬ ತಾಯಿಯ ಅರ್ಜಿ ನಾನೇ ಬರೆದುಕೊಟ್ಟಿದ್ದೆ. ಮಗ ಗಡಿಯಾಚೆಯ ಒಂದು ಜೈಲಿನಲ್ಲಿದ್ದ. ಗಂಡ ತೀರಿದ ಮೇಲೆ ಮೂರು ಎಕರೆ ಮಸಬು ಹೊಲಕ್ಕೆ ಆಕೆಯೊಬ್ಬಳೇ ದಿಕ್ಕು. 'ತಮ್ಮಾ, ಅರ್ಜಿ ಹಾಕಿದಾಗ ಮಿರಗ ಇತ್ತು. ಉತ್ತರ ಬರೂ ಹೊತ್ತಿಗೆ ತೊಗರಿ ಹೂವಿಗೆ ಬಂದಿತ್ತು' ಎಂದಳು. ಆ ತೊಗರಿ ಅವಳದಲ್ಲ, ಪಕ್ಕದವರದು. ಅವಳ ಹೊಲ ಆ ವರ್ಷ ಬೀಳು ಬಿತ್ತು. ಉತ್ತರ ಏನು ಬಂತು ಅನ್ನುವುದಕ್ಕಿಂತ ಯಾವಾಗ ಬಂತು ಅನ್ನುವುದೇ ರೈತನಿಗೆ ದೊಡ್ಡದು. ಬಿತ್ತಿಗೆಯ ಹದ ಹತ್ತು ದಿನ ಕಾಯುತ್ತದೆ, ನಾಲ್ಕು ತಿಂಗಳು ಕಾಯುವುದಿಲ್ಲ.

ಇನ್ನೊಂದು ಮನೆಯ ಮಾತನ್ನೂ ಹೇಳಬೇಕು. ಅದೇ ಊರಿನಲ್ಲಿ ಎರಡು ಓಣಿ ಆಚೆಗೆ, ಅದೇ ಪ್ರಕರಣದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಇದ್ದಾಳೆ. ಹಿಂದೊಮ್ಮೆ ಆ ಹುಡುಗ ರಜೆ ಮೇಲೆ ಬಂದಿದ್ದಾಗ ಅವಳಿಗೆ ಯಾರೂ ಮೊದಲೇ ತಿಳಿಸಿರಲಿಲ್ಲ. 'ನನಗ ಯಾರ್ ಕೇಳ್ಯಾರ ಅಣ್ಣಾ? ಬಸ್‌ಸ್ಟ್ಯಾಂಡಿನಾಗ ಕಣ್ಣಿಗೆ ಬಿದ್ದ ಮ್ಯಾಲೇ ಗೊತ್ತಾತು. ಹದಿನೈದು ದಿನ ಮಕ್ಕಳಿಗೆ ಸಾಲಿಗೆ ಕಳಿಸಲಿಲ್ಲ' ಎಂದಳು. ಹುಡುಗ ಏನೂ ಮಾಡಲಿಲ್ಲ. ಹೇಳಿದ ದಿನ ವಾಪಸು ಹೋದ. ಆದರೂ ಆಕೆಯ ಹದಿನೈದು ದಿನದ ಭಯ ಯಾವ ವರದಿಯಲ್ಲಿ ಬರೆದಿದೆ?

ಈ ಎರಡೂ ಮನೆಗೆ ನ್ಯಾಯ ಸಿಗಬೇಕಾದರೆ ವರದಿ ಬರೆಯುವವನು ಇಬ್ಬರ ಮಾತನ್ನೂ ಹೆಸರು, ತಾರೀಖು ಹಾಕಿ ಬರೆದುಕೊಳ್ಳಬೇಕು. ಕಟ್ಟೆಯ ಮೇಲಿನ ಮಾತು ಸಾಲದು.

ಗಡಿನಾಡಿನ ವಿಳಾಸ

ನಮ್ಮ ಕಡೆಯ ಕೈದಿಗೆ ಇನ್ನೂ ಒಂದು ತೊಡಕು ಇದೆ. ಅವನ ವಿಳಾಸವೇ ನಿಲ್ಲುವುದಿಲ್ಲ. ಜಹೀರಾಬಾದ್, ನಾರಾಯಣಖೇಡ್ ತಾಲೂಕುಗಳು ನಿಜಾಮರ ಕಾಲದಿಂದ ಬೀದರ್ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಆಂಧ್ರದ ಮೆದಕ್ ಜಿಲ್ಲೆಗೆ ಸೇರಿದವು. ತಾಂಡೂರು ಕಲಬುರಗಿ ಜಿಲ್ಲೆಯಿಂದ ಆಚೆ ಹೋಯಿತು. 2014ರ ಜೂನ್ 2ರಂದು ರಾಜ್ಯ ತೆಲಂಗಾಣ ಆಯಿತು. 2016ರ ಅಕ್ಟೋಬರ್ 11ರಂದು ಜಿಲ್ಲೆಗಳು ಒಡೆದು ನಾವು ಸಂಗಾರೆಡ್ಡಿ ಜಿಲ್ಲೆ, ತಾಂಡೂರಿನವರು ವಿಕಾರಾಬಾದ್ ಜಿಲ್ಲೆ. ಅದೇ ವರ್ಷ ನಮ್ಮ ಮನೂರ್ ಮಂಡಲವೂ ಒಡೆದು ನಾಗಲ್‌ಗಿದ್ದ ಬೇರೆ ಮಂಡಲ ಆಯಿತು.

2012ರಲ್ಲಿ ಒಳಗೆ ಹೋದವನ ವಿಳಾಸ 'ಆಂಧ್ರಪ್ರದೇಶ, ಮೆದಕ್ ಜಿಲ್ಲೆ, ಮನೂರ್ ಮಂಡಲ'. ಈಗ ಆ ಮೂರರಲ್ಲಿ ರಾಜ್ಯವೂ ತಪ್ಪು, ಜಿಲ್ಲೆಯೂ ತಪ್ಪು, ಊರು ನಾಗಲ್‌ಗಿದ್ದ ಕಡೆಯದಾದರೆ ಮಂಡಲವೂ ತಪ್ಪು. ಹೆಸರಿನ ಗೋಜಲು ಬೇರೆ. ತೆಲುಗಿನ ಕಾಗದದಲ್ಲಿ ಇಂಟಿಪೇರು ಮೊದಲು, ಕನ್ನಡದ ಕಾಗದದಲ್ಲಿ ಅಡ್ಡಹೆಸರು ಕೊನೆಗೆ. ಊರಿನ 'ಹಳ್ಳಿ' ಅಲ್ಲಿ 'ಪಲ್ಲಿ' ಆಗುತ್ತದೆ. ಬೀದರ್ ಸಂತೆಯಲ್ಲಿ ಒಬ್ಬನೇ ಮನುಷ್ಯ ಎರಡು ಅಂಗಡಿಯ ಖಾತೆಯಲ್ಲಿ ಎರಡು ಹೆಸರಿನಿಂದ ಇರುವುದು ವ್ಯಾಪಾರಿಗಳಿಗೆ ಗೊತ್ತಿದೆ. ಉದ್ರಿ ವಸೂಲಿಯಲ್ಲಿ ಅದು ಜಗಳಕ್ಕೆ ಬರುತ್ತದೆ. ಜೈಲಿನ ಲೆಕ್ಕದಲ್ಲಿ ಅದು ಒಬ್ಬನ ರಜೆಗೆ ಬರುತ್ತದೆ. ಇಲ್ಲವೆ, ಓಡಿಹೋದವನನ್ನು ಹುಡುಕುವ ಪೊಲೀಸರ ದಾರಿ ತಪ್ಪಿಸುತ್ತದೆ. ಎರಡೂ ಕೆಟ್ಟದ್ದೇ.

ದಿಲ್ಲಿಗೆ ಹೋಗುವ ಪಟ್ಟಿ

ಪ್ರತಿ ಜೈಲಿನಲ್ಲೂ ಯಾರು ಯಾವ ದಿನ ಹೊರಗೆ ಹೋದರು, ಯಾವ ದಿನ ಬರಬೇಕು ಎಂಬ ದಾಖಲೆ ಇಡಬೇಕು. ಅದು ರಾಜ್ಯದ ಕಾರಾಗೃಹ ಇಲಾಖೆಯ ಮುಖ್ಯ ಕಚೇರಿಗೆ, ಅಲ್ಲಿಂದ ದಿಲ್ಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಕ್ಕೆ ಹೋಗುತ್ತದೆ. 1986ರಲ್ಲಿ ಶುರುವಾದ ಈ ಬ್ಯೂರೋ 1995ರಿಂದ 'ಭಾರತದ ಕಾರಾಗೃಹ ಅಂಕಿಅಂಶ' ಎಂಬ ಸಂಪುಟವನ್ನು ಹೊರತರುತ್ತಿದೆ. ಈಗ ಇ-ಪ್ರಿಸನ್ಸ್ ಎಂಬ ಗಣಕ ವ್ಯವಸ್ಥೆಯೂ ಬಂದಿದೆ.

2022ರ ಸಂಪುಟದ ಪ್ರಕಾರ ಆ ವರ್ಷದ ಕೊನೆಯ ದಿನ ದೇಶದ 1,330 ಜೈಲುಗಳಲ್ಲಿ 5,73,220 ಮಂದಿ ಇದ್ದರು. ಜಾಗ ಇದ್ದದ್ದು 4,36,266 ಮಂದಿಗೆ. ಒಳಗಿದ್ದವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ತೀರ್ಪು ಆಗದವರು. ಶಿಕ್ಷೆ ಆದವರು 1,33,415. ಪೆರೋಲಿನ ಮಾತು ಈ ಕೊನೆಯ ಗುಂಪಿಗೆ ಸಂಬಂಧಿಸಿದ್ದು, ಒಟ್ಟು ಮಂದಿಯಲ್ಲಿ ನಾಲ್ಕರಲ್ಲಿ ಒಂದು ಪಾಲಿಗಿಂತ ಕಡಿಮೆ.

ಆ ಸಂಪುಟದಲ್ಲಿ ಪೆರೋಲಿಗೂ ಪಟ್ಟಿ ಇದೆ. ರಾಜ್ಯವಾರು ಎಷ್ಟು ಮಂದಿ ಪೆರೋಲ್ ಮೇಲೆ ಹೋದರು, ಎಷ್ಟು ಮಂದಿ ತಪ್ಪಿಸಿಕೊಂಡರು, ಅವರಲ್ಲಿ ಎಷ್ಟು ಮಂದಿಯನ್ನು ಮತ್ತೆ ಹಿಡಿದರು. ಒಳ್ಳೆಯದೇ. ಆದರೆ ಆ ಲೆಕ್ಕ ಶುರುವಾಗುವುದೇ ಗೇಟು ದಾಟಿದವನಿಂದ. ಗೇಟಿನೊಳಗೆ ಅರ್ಜಿ ಹಿಡಿದು ನಿಂತವನ ಕಥೆ ಅದಕ್ಕಿಂತ ಹಿಂದಿನದು.

ಅಡತಿ ಅಂಗಡಿಯ ಲೆಕ್ಕಕ್ಕೆ ಹೋಲಿಸಿ ನೋಡಿ. ಮಾರಾಟವಾದ ಚೀಲ ಎಷ್ಟು, ಕಳುವಾದ ಚೀಲ ಎಷ್ಟು ಎಂದಷ್ಟೇ ಬರೆದು, ಅಂಗಳಕ್ಕೆ ಬಂದ ಚೀಲ ಎಷ್ಟು, ಕಸರು ಎಂದು ವಾಪಸು ಕಳಿಸಿದ್ದು ಎಷ್ಟು, ಎಷ್ಟು ದಿನ ಅಂಗಳದಲ್ಲೇ ಬಿದ್ದಿತ್ತು ಎಂದು ಬರೆಯದ ದಲಾಲನ ಪುಸ್ತಕವನ್ನು ನಾವು ನಂಬುತ್ತೇವೆಯೇ? ಕಳುವಾದದ್ದನ್ನೇ ದಪ್ಪ ಅಕ್ಷರದಲ್ಲಿ ಬರೆದ ಪುಸ್ತಕ ನೋಡಿದವನಿಗೆ ಅಂಗಡಿಯಲ್ಲಿ ಬರೀ ಕಳವೇ ನಡೆಯುತ್ತದೆ ಅನಿಸುತ್ತದೆ.

ಪೆರೋಲಿನಲ್ಲಿ ಆಗುವುದೂ ಇದೇ. ಒಬ್ಬ ತಪ್ಪಿಸಿಕೊಂಡು ಎಲ್ಲೋ ಅಪರಾಧ ಮಾಡಿದರೆ ಅದು ಪತ್ರಿಕೆಯಲ್ಲಿ ಬರುತ್ತದೆ, ಬರಲೇಬೇಕು. 2020ರ ಸೆಪ್ಟೆಂಬರ್ 3ರಂದು ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ ಸುತ್ತೋಲೆ ಬರೆದು, ಪೆರೋಲ್ ಮತ್ತು ಫರ್ಲೋವನ್ನು ವಾಡಿಕೆಯಂತೆ ಕೊಡಬಾರದು, ನಿಯಮ ಮರುಪರಿಶೀಲಿಸಿ ಎಂದು ತಿಳಿಸಿತ್ತು. ಎಚ್ಚರಿಕೆ ಬೇಕು. ಆದರೆ ಹೇಳಿದ ದಿನಕ್ಕೆ ಸುಮ್ಮನೆ ವಾಪಸು ಹೋದವನ ಸುದ್ದಿ ಎಲ್ಲೂ ಬರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ನಿಯಮ ಬಿಗಿ ಮಾಡಬೇಕೋ ಸಡಿಲಿಸಬೇಕೋ ಗೊತ್ತಾಗುವುದು.

ಅಮೆರಿಕದಲ್ಲಿ ನ್ಯಾಯ ಅಂಕಿಅಂಶಗಳ ಬ್ಯೂರೋ ಎಂಬುದಿದೆ. ಅದು 1980ರ ದಶಕದಿಂದ ರಾಜ್ಯವಾರು ಪೆರೋಲ್ ಲೆಕ್ಕ ತರಿಸುತ್ತದೆ. ವರ್ಷದ ಮೊದಲಿಗೆ ಎಷ್ಟು ಮಂದಿ, ವರ್ಷದಲ್ಲಿ ಸೇರಿದವರು ಎಷ್ಟು, ಬಿಟ್ಟುಹೋದವರು ಎಷ್ಟು, ಹೇಗೆ ಬಿಟ್ಟರು, ಅವಧಿ ಮುಗಿಸಿಯೋ ಮತ್ತೆ ಜೈಲಿಗೆ ಹೋಗಿಯೋ ತಪ್ಪಿಸಿಕೊಂಡೋ, ಕೊನೆಗೆ ಉಳಿದವರು ಎಷ್ಟು. ನಮ್ಮ ಕಿರ್ದಿ ಪುಸ್ತಕದ ಆರಂಭ ಶಿಲ್ಕು, ಜಮಾ, ಖರ್ಚು, ಆಖೈರು ಶಿಲ್ಕು ಇದ್ದಂತೆಯೇ. ಅವರ ಪೆರೋಲ್ ಬೇರೆ ಜಾತಿಯದು ನಿಜ. ಪುಸ್ತಕ ಬರೆಯುವ ಪದ್ಧತಿಯನ್ನು ಮಾತ್ರ ತೆಗೆದುಕೊಳ್ಳಬಹುದು.

ಒಂದು ದಿನದ ಬೆಲೆ

ಇದೆಲ್ಲ ಬರೀ ಕಾಗದದ ಮಾತು ಅಂದುಕೊಳ್ಳಬೇಡಿ. 2023ರ ಜನವರಿಯಲ್ಲಿ ಗೋವಾದ ಕೈದಿ ರೋಹನ್ ಧುಂಗಟ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮುಖ್ಯ ತೀರ್ಪು ಕೊಟ್ಟಿತು. ಅವಧಿಪೂರ್ವ ಬಿಡುಗಡೆಗೆ ಹದಿನಾಲ್ಕು ವರ್ಷ ಎಣಿಸುವಾಗ, ಗೋವಾದ ನಿಯಮದ ಪ್ರಕಾರ ಪೆರೋಲ್ ಮೇಲೆ ಹೊರಗಿದ್ದ ದಿನಗಳನ್ನು ಕಳೆಯಬೇಕು ಎಂದು. ಇಲ್ಲದಿದ್ದರೆ ವಶೀಲಿ ಇದ್ದವನು ಮೇಲಿಂದ ಮೇಲೆ ಪೆರೋಲ್ ಪಡೆದು ಹೊರಗೇ ಶಿಕ್ಷೆ ಮುಗಿಸಬಹುದಲ್ಲ ಎಂಬುದು ಕೋರ್ಟಿನ ವಿಚಾರ.

ಜೀವಾವಧಿ ಕೈದಿಗೆ ಹದಿನಾಲ್ಕು ವರ್ಷ ಅನ್ನುವುದು ದೊಡ್ಡ ಗಡುವು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 433-ಎ ಕಲಂ, 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 475. ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಆದವನು ಹದಿನಾಲ್ಕು ವರ್ಷ ಒಳಗಿರದೆ ಮಾಫಿಯಿಂದ ಹೊರಬರುವಂತಿಲ್ಲ. ಪೆರೋಲಿಗೆ ಹೋದ ತಾರೀಖು, ಬಂದ ತಾರೀಖು ಸರಿಯಾಗಿ ಬರೆಯದಿದ್ದರೆ ಒಬ್ಬ ಬೇಗ ಹೊರಬರುತ್ತಾನೆ, ಇನ್ನೊಬ್ಬ ಸುಮ್ಮನೆ ತಿಂಗಳುಗಟ್ಟಲೆ ಹೆಚ್ಚಿಗೆ ಒಳಗಿರುತ್ತಾನೆ. ಬಂದ ದಿನ ಬರೆಯುವುದು ಮರೆತರೆ ಗೇಟಿನೊಳಗೇ ಇದ್ದವನು ಕಾಗದದ ಮೇಲೆ ಪರಾರಿ!

ಜಾಮೀನು ನಿಂತ ರೈತನಿಗೂ ಇದು ತಟ್ಟುತ್ತದೆ. ಪೆರೋಲಿಗೆ ಊರಿನ ಇಬ್ಬರು ಪಹಣಿ ತೋರಿಸಿ ಮುಚ್ಚಳಿಕೆ ಬರೆದುಕೊಡುವುದು ವಾಡಿಕೆ. ಅವನು ಬರಲಿಲ್ಲವೆಂದರೆ ಮುಚ್ಚಳಿಕೆಯ ಹಣ ಇವರ ಕೊರಳಿಗೆ. ಹಾಗಾಗಿ ವಾಪಸು ಹೋದ ದಿನ ಜೈಲಿನಿಂದ ಒಂದು ರಸೀದಿ ಕೇಳಿ ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕಾರಖಾನೆಗೆ ಕಬ್ಬು ಹಾಕಿ ತೂಕದ ಚೀಟಿ ಇಲ್ಲದೆ ಯಾರು ಬರುತ್ತಾರೆ?

ಕೊರೋನಾ ಕಾಲದ ಪಾಠ

ಲೆಕ್ಕದ ಮಹತ್ವ ಎಲ್ಲರಿಗೂ ತಿಳಿದದ್ದು 2020ರಲ್ಲಿ. ಆ ವರ್ಷ ಮಾರ್ಚ್ 23ರಂದು ಸುಪ್ರೀಂ ಕೋರ್ಟು, ಜೈಲಿನ ನೂಕುನುಗ್ಗಲು ಕಡಿಮೆ ಮಾಡಲು ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರ ಸಮಿತಿ ಮಾಡಿ, ಯಾರನ್ನು ಪೆರೋಲ್ ಇಲ್ಲವೆ ಮಧ್ಯಂತರ ಜಾಮೀನಿನ ಮೇಲೆ ಬಿಡಬಹುದೆಂದು ನಿರ್ಧರಿಸಲು ಹೇಳಿತು. 2021ರ ಮೇ 7ರಂದು ಎರಡನೇ ಅಲೆಯಲ್ಲಿ ಮತ್ತೆ ಆದೇಶ ಕೊಟ್ಟಾಗ, ಸಮಿತಿಗಳ ನಿರ್ಧಾರ ಮತ್ತು ಜೈಲಿನ ಮಂದಿಯ ಲೆಕ್ಕ ಸಾರ್ವಜನಿಕರಿಗೆ ಕಾಣುವಂತಿರಬೇಕು ಎಂಬ ಮಾತನ್ನೂ ಸೇರಿಸಿತು. 2023ರ ಮಾರ್ಚ್ 24ರಂದು, ಹಾಗೆ ಹೊರಬಂದವರು ಹದಿನೈದು ದಿನದೊಳಗೆ ಶರಣಾಗಬೇಕೆಂದು ತಿಳಿಸಿತು. ಮೂರು ವರ್ಷ ಊರಲ್ಲಿ ಇದ್ದು ಹೊಲ ಮಾಡಿದವರು, ಮದುವೆ ಆದವರು ಮತ್ತೆ ಗಂಟು ಕಟ್ಟಿದರು.

ಅದೇ 2023ರ ಜನವರಿ 31ರಂದು ಜಾಮೀನಿನ ವಿಷಯದಲ್ಲಿ ಇನ್ನೊಂದು ಆದೇಶ ಬಂತು. ಜಾಮೀನು ಸಿಕ್ಕ ತಾರೀಖನ್ನು ಇ-ಪ್ರಿಸನ್ಸ್‌ನಲ್ಲಿ ಬರೆಯಬೇಕು, ಏಳು ದಿನದಲ್ಲಿ ಕೈದಿ ಹೊರಗೆ ಹೋಗದಿದ್ದರೆ ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಾರೀಖು ಬರೆದರೆ ಒಬ್ಬ ಅಧಿಕಾರಿ ಎದ್ದು ನಿಲ್ಲಬೇಕಾಗುತ್ತದೆ. ಪೆರೋಲ್ ಅರ್ಜಿಗೂ ಇಂಥದೇ ಏರ್ಪಾಡು ಏಕೆ ಬೇಡ?

ನಾವು ಕೇಳಬೇಕಾದ್ದು

ನನ್ನ ಮಟ್ಟಿಗೆ ಪ್ರತಿ ಜೈಲು ವರ್ಷಕ್ಕೊಮ್ಮೆ ಹಾಕಬೇಕಾದ ಪಟ್ಟಿಯಲ್ಲಿ ಇಷ್ಟು ಕಾಲಂ ಇರಬೇಕು. ಬಂದ ಅರ್ಜಿ ಎಷ್ಟು, ಯಾವ ಕಾರಣಕ್ಕೆ. ಮಂಜೂರು ಎಷ್ಟು, ನಾಮಂಜೂರು ಎಷ್ಟು, ಏಕೆ. ಅರ್ಜಿಯಿಂದ ಉತ್ತರದ ತನಕ ಹಿಡಿದ ದಿನ ಎಷ್ಟು. ಬೇರೆ ರಾಜ್ಯದಿಂದ ವರದಿ ತರಿಸಿದ ಅರ್ಜಿಗಳದ್ದು ಬೇರೆಯಾಗಿ. ನೊಂದವರ ಮನೆಗೆ ತಿಳಿಸಿದ್ದು ಎಷ್ಟು ಪ್ರಕರಣದಲ್ಲಿ. ವೇಳೆಗೆ ಬಂದವರು, ತಡವಾಗಿ ಬಂದವರು, ಬಾರದವರು ಎಷ್ಟು. ಒಂದು ದಿನ ತಡವಾದವನನ್ನೂ ಪರಾರಿಯಾದವನನ್ನೂ ಒಂದೇ ಕಾಲಂನಲ್ಲಿ ತುಂಬಬಾರದು. ಕೈದಿಯ ಹೆಸರು ಪಟ್ಟಿಯಲ್ಲಿ ಬೇಡ, ಸಂಖ್ಯೆ ಸಾಕು.

ಇದನ್ನು ಯಾರೋ ಕೊಡಲಿ ಎಂದು ಕೂರಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಯಾವ ನಾಗರಿಕನೂ ಕಾರಾಗೃಹ ಇಲಾಖೆಗೆ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಒಬ್ಬನ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ ನಲವತ್ತೆಂಟು ಗಂಟೆಯಲ್ಲಿ. ಅರ್ಜಿಯನ್ನು ಹಿಂದಿ, ಇಂಗ್ಲಿಷ್ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬೇಕು. ಅಂದರೆ ಕಲಬುರಗಿ ಜೈಲಿಗೆ ಕನ್ನಡದಲ್ಲಿ, ಚೆರ್ಲಪಲ್ಲಿಗೆ ತೆಲುಗಿನಲ್ಲಿ ಅಥವಾ ಉರ್ದುವಿನಲ್ಲಿ. ಎರಡೂ ಬಲ್ಲ ನಮ್ಮಂಥ ಗಡಿನಾಡಿನವರಿಗೆ ಇದು ಸಲೀಸು. ಒಂದೇ ಪ್ರಶ್ನೆಯನ್ನು ಎರಡೂ ಕಡೆ ಕೇಳಿ, ಉತ್ತರ ಪಕ್ಕಪಕ್ಕ ಇಟ್ಟು ನೋಡಲು ನಮಗಿಂತ ತಕ್ಕವರು ಯಾರಿದ್ದಾರೆ?

ಮನೆಯವರಿಗೆ ಇನ್ನೂ ಮೂರು ಮಾತು. ಜೈಲಿನಲ್ಲಿರುವವನಿಗೆ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಪುಕ್ಕಟೆ ವಕೀಲರ ನೆರವು ಸಿಗುತ್ತದೆ, ದುಡ್ಡು ಕೇಳುವ ಮಧ್ಯವರ್ತಿಯ ಹಿಂದೆ ಹೋಗಬೇಡಿ. ಅರ್ಜಿಯಲ್ಲಿ ಹಳೆಯ ಜಿಲ್ಲೆ, ಹೊಸ ಜಿಲ್ಲೆ, ಹಳೆಯ ಮಂಡಲ, ಹೊಸ ಮಂಡಲ ಎರಡನ್ನೂ ಬರೆಯಿರಿ, ಹೆಸರನ್ನು ಎರಡು ಲಿಪಿಯಲ್ಲೂ ಬರೆಯಿರಿ. ಬಿತ್ತಿಗೆಗೆ ರಜೆ ಬೇಕಾದರೆ ಮಿರಗ ಬಂದಾಗ ಅಲ್ಲ, ಯುಗಾದಿಯ ಹೊತ್ತಿಗೇ ಅರ್ಜಿ ಹಾಕಿ, ಪಹಣಿಯ ನಕಲು ಜೋಡಿಸಿ, ಸ್ವೀಕೃತಿ ತೆಗೆದುಕೊಳ್ಳಿ.

ಸಂಗಾರೆಡ್ಡಿಯಲ್ಲಿ 1796ರ ಕಾಲದ ಹಳೆಯ ಜೈಲು ಇದೆ. 2016ರಲ್ಲಿ ಅದನ್ನು ವಸ್ತುಸಂಗ್ರಹಾಲಯ ಮಾಡಿ, ಐನೂರು ರೂಪಾಯಿ ಕೊಟ್ಟವರಿಗೆ ಒಂದು ದಿನ ಕೈದಿಯಂತೆ ಇರುವ ಏರ್ಪಾಡು ಮಾಡಿದರು. ದುಡ್ಡು ಕೊಟ್ಟು ಒಳಗೆ ಬಂದವರಿಗೆ ರಸೀದಿ ಇರುತ್ತದೆ. ಮಾತು ಕೊಟ್ಟು ಹೊರಗೆ ಹೋದವರಿಗೂ, ಕೇಳಿ ಸಿಗದೆ ಒಳಗೇ ಉಳಿದವರಿಗೂ, ಎರಡು ಓಣಿ ಆಚೆ ಭಯದಲ್ಲಿ ಕೂತವರಿಗೂ ಒಂದೊಂದು ಸಾಲು ಬರೆದಿಡಲು ಹೆಚ್ಚಿನ ಖರ್ಚೇನೂ ಇಲ್ಲ. ಈ ಮಿರಗಕ್ಕೆ ಮುಂಚೆ ಎರಡೂ ರಾಜ್ಯಕ್ಕೆ ಒಂದೊಂದು ಮಾಹಿತಿ ಹಕ್ಕಿನ ಅರ್ಜಿ ಬರೆದು ಹಾಕುವವನಿದ್ದೇನೆ. ಜೊತೆಗೆ ಬರುವವರು ಬರಬಹುದು, ತೆಲುಗಿನ ನಕಲು ನಾನೇ ಬರೆದುಕೊಡುತ್ತೇನೆ.